ಬರೀ ‘ಯೀಸ್ಟ್ ಬೆಳೆದಿದೆ’ ಅಂದರೆ ಸಾಲದು

ನನ್ನ ಊರು ಗದಗ. ಮುಂಬೈಯ ಪರೇಲಿನಲ್ಲಿ ಮೈಕ್ರೋಬಯಾಲಜಿ ಲ್ಯಾಬಿನ ಕೆಲಸ. ಹೋದ ವರ್ಷ ಸೋದರಮಾವ ಊರ ಕಡೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದರು. ಅವರ ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ರಿಪೋರ್ಟಿನ ಫೋಟೋ ವಾಟ್ಸಾಪಿನಲ್ಲಿ ಬಂತು. ಇದ್ದದ್ದು ಒಂದೇ ಸಾಲು: ಯೀಸ್ಟ್ ಬೆಳೆದಿದೆ. ಯೀಸ್ಟ್ ಅಂದರೆ ಒಂದು ಬಗೆಯ ಶಿಲೀಂಧ್ರ. ಯಾವ ಯೀಸ್ಟ್, ಯಾವ ಔಷಧಿಗೆ ಬಗ್ಗುತ್ತದೆ, ಏನೂ ಇಲ್ಲ. ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಔಷಧಿ ಶುರು ಮಾಡಿದ್ದರು. ನಾಲ್ಕು ದಿನವಾದರೂ ಜ್ವರ ಇಳಿಯಲಿಲ್ಲ. ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಿ ಬಂದ ಮೇಲೆ ಗೊತ್ತಾಯಿತು, ಅದು ಕ್ಯಾಂಡಿಡಾ ಅನ್ನುವ ಯೀಸ್ಟ್ ಗುಂಪಿನ ಕ್ರುಸೈ. ಹುಟ್ಟಿನಿಂದಲೇ ಫ್ಲುಕೊನಜೋಲ್‌ಗೆ ಜಗ್ಗದ ಜಾತಿ! ಕ್ಯಾಸ್ಪೊಫಂಜಿನ್ ಅನ್ನುವ ಬೇರೆ ಔಷಧಿಗೆ ಬದಲಾಯಿಸಿದರು, ಮಾವ ಉಳಿದರು. ಆ ನಾಲ್ಕು ದಿನ ಅತ್ತೆ ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ.

ಇಲ್ಲಿ ನಮ್ಮ ಲ್ಯಾಬಿನಲ್ಲಿ ಬ್ಲಡ್ ಕಲ್ಚರ್ ಬಾಟಲಿ ಪಾಸಿಟಿವ್ ಆದ ಕೂಡಲೇ ಗ್ರಾಮ್ ಸ್ಟೇನ್, ಅಂದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೊಗ್ಗು ಬಿಟ್ಟ ಯೀಸ್ಟ್ ಕಂಡರೆ ಆಗಲೇ ವಾರ್ಡಿಗೆ ಫೋನ್. ಆಮೇಲೆ ಯೀಸ್ಟ್ ಬೆಳೆಸಲು, ಜಾತಿಗೊಂದು ಬಣ್ಣ ಬರುವ ಅಗಾರ್ ಪ್ಲೇಟ್. ಎರಡು ದಿನದೊಳಗೆ ಕ್ಯಾಂಡಿಡಾ ಜಾತಿಗಳಲ್ಲಿ ಅಲ್ಬಿಕಾನ್ಸ್ ಹಸಿರು, ಟ್ರಾಪಿಕಾಲಿಸ್ ನೀಲಿ, ಕ್ರುಸೈ ಗುಲಾಬಿ. ಕ್ರುಸೈ ಅಂತ ಹೆಸರು ಸಿಕ್ಕರೆ ಫ್ಲುಕೊನಜೋಲ್ ಬೇಡ ಅನ್ನಲು ಅಷ್ಟೇ ಸಾಕು. ಉಳಿದವಕ್ಕೆ, ಯಾವ ಔಷಧಿಗೆ ಬಗ್ಗುತ್ತವೆ ಅಂತ ನೋಡುವ ಸೆನ್ಸಿಟಿವಿಟಿ ಮೆಷಿನ್ ಇದೆ, ಹೆಚ್ಚುಕಡಿಮೆ ಒಂದು ದಿನದಲ್ಲಿ ಉತ್ತರ.

ಅಂಥ ಮೆಷಿನ್ ನಮಗೆಲ್ಲಿಂದ ಬರಬೇಕು ಅನ್ನುತ್ತಾರೆ ಊರಿನ ಲ್ಯಾಬಿನವರು. ಈ ಮಾತು ನಾನು ಒಪ್ಪುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ದಿನಾ ಬಳಸುವ ಮುಲ್ಲರ್ ಹಿಂಟನ್ ಅಗಾರ್ ಅವರ ಹತ್ತಿರವೂ ಇದೆ, ಅಲ್ವಾ? ಅದಕ್ಕೆ ಶೇ. 2 ಗ್ಲುಕೋಸ್, ಒಂಚೂರು ಮೆಥಿಲೀನ್ ಬ್ಲೂ ಸೇರಿಸಿದರೆ ತಿಳಿನೀಲಿ ಪ್ಲೇಟ್ ಸಿದ್ಧ. ಅದರ ಮೇಲೆ ಯೀಸ್ಟ್ ಸವರಿ, 25 ಮೈಕ್ರೋಗ್ರಾಂ ಫ್ಲುಕೊನಜೋಲ್ ಇರುವ ಪುಟ್ಟ ಕಾಗದದ ಡಿಸ್ಕ್ ಇಟ್ಟರಾಯಿತು. 20ರಿಂದ 24 ಗಂಟೆಗೆ ಓದಬಹುದು. ಅಲ್ಬಿಕಾನ್ಸ್‌ನಲ್ಲಿ, ಡಿಸ್ಕಿನ ಸುತ್ತ ಯೀಸ್ಟ್ ಬೆಳೆಯದೆ ಉಳಿದ ವೃತ್ತದ ಅಗಲ 17 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಔಷಧಿ ಕೆಲಸ ಮಾಡುತ್ತದೆ.

ಓದುವಾಗ ಮಾತ್ರ ಕಣ್ಣು ಪಳಗಿರಬೇಕು. ನಮ್ಮಲ್ಲಿಗೆ ಉಡುಪಿ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಾಳೆ. ವೃತ್ತದೊಳಗೆ ರವೆಗಿಂತ ಸಣ್ಣ ಕಾಲನಿಗಳನ್ನು (ಯೀಸ್ಟಿನ ಚುಕ್ಕೆಗಳನ್ನು) ಕಂಡು ರೆಸಿಸ್ಟೆಂಟ್, ಅಂದರೆ ಔಷಧಿಗೆ ಜಗ್ಗದ್ದು, ಅಂತ ಬರೆಯಹೊರಟಿದ್ದಳು. ಪ್ಲೇಟನ್ನು ಬೆಳಕಿಗೆ ಹಿಡಿದು ತೋರಿಸಿದೆ: ‘ಆ ಪುಡಿ ಬಿಡು. ಯೀಸ್ಟಿನ ಬೆಳವಣಿಗೆ ಎಲ್ಲಿ ಒಮ್ಮೆಲೇ ತೆಳುವಾಗುತ್ತೋ ಅಲ್ಲಿಗೆ ಸ್ಕೇಲ್ ಇಡು.’

ಕ್ಯಾಂಡಿಡಾ ಆರಿಸ್ ಅನ್ನುವ ಜಾತಿ ಇರಬಹುದು ಅನ್ನಿಸಿದರೆ ಮಾತು ಬೇರೆ. 2009ರಲ್ಲಿ ಜಪಾನಿನಿಂದ ಮೊದಲು ವರದಿಯಾದ ಇದನ್ನು ಕೆಲವು ಮೆಷಿನ್‌ಗಳೇ ಬೇರೆ ಹೆಸರಿನಿಂದ ಕರೆದದ್ದುಂಟು. ಅದನ್ನು ತಡಮಾಡದೆ ದೊಡ್ಡ ಲ್ಯಾಬಿಗೆ ಕಳಿಸಬೇಕು.

ದೀಪಾವಳಿಗೆ ಗದಗಿಗೆ ಹೋದಾಗ ಪರಿಚಯದ ಲ್ಯಾಬಿನಲ್ಲಿ ಕೂತು ಪ್ಲೇಟ್ ಹಾಕುವುದು ಅಂತ ಮಾತಾಗಿದೆ. ಅಗಾರ್ ಅವರದು. ಡಿಸ್ಕುಗಳನ್ನು ಐಸ್‌ಪ್ಯಾಕಿನಲ್ಲಿಟ್ಟು ನಾನು ಒಯ್ಯುತ್ತೇನೆ.