ಗೆದ್ದವರ ನಾಟಕ, ನಮಗೆ ಸಂಕಟ

ನಿನ್ನೆ ರಾತ್ರಿ ಇಂದಿರಾನಗರದ ಪೋಕರ್ ಟೇಬಲ್‌ನಲ್ಲಿ ಕೊನೆಯ ಬೆಟ್ ಹಾಕಿದೆ. ಎದುರಿನ ಮಹಾಶಯ ‘ಕಾಲ್’ ಅಂದ, ಅಂದರೆ ಅಷ್ಟೇ ದುಡ್ಡು ತಾನೂ ಹಾಕಿದ. ನಾನು ಫ್ಲಶ್ (ಒಂದೇ ಜಾತಿಯ ಐದು ಎಲೆ) ತೋರಿಸಿದೆ. ಆತ ನಿಟ್ಟುಸಿರು ಬಿಟ್ಟ. ತಲೆ ಕೆರೆದುಕೊಂಡ. ನೀರು ಕುಡಿದ. ಆಮೇಲೆ ಒಂದೊಂದೇ ಎಲೆ ತಿರುಗಿಸಿ ಅದಕ್ಕಿಂತ ದೊಡ್ಡದಾದ ಫುಲ್ ಹೌಸ್ ತೋರಿಸಿದ! ಗೆದ್ದಿದ್ದೇನೆ ಅಂತ ಗೊತ್ತಿದ್ದೂ ಬೇಕಂತಲೇ ತಡ ಮಾಡುವ ಈ ಸ್ಲೋ ರೋಲ್ ಯಾಕಪ್ಪಾ? ರಂಗಶಂಕರದಲ್ಲಿ ಆಡಿಷನ್ ಇತ್ತಾ?

ಇನ್ನು ಸ್ಟ್ರಿಂಗ್ ಬೆಟ್ ಶೂರರು, ಅಂದರೆ ಒಂದೇ ಬೆಟ್ ಅನ್ನು ಕಂತಿನಲ್ಲಿ ಹಾಕುವವರು. ಅರ್ಧ ಚಿಪ್ಸ್ (ದುಡ್ಡಿನ ಬದಲಿನ ಬಿಲ್ಲೆ) ಮುಂದಿಡುತ್ತಾರೆ, ನಮ್ಮ ಮುಖ ನೋಡುತ್ತಾರೆ, ಮತ್ತೆ ಕೈ ಹಿಂದಕ್ಕೆ ಹೋಗಿ ಇನ್ನೊಂದು ರಾಶಿ ತರುತ್ತದೆ. ಎಲೆ ಹಂಚುವ ಡೀಲರ್ ತಡೆದರೆ ‘ಏನ್ ಗುರು, ಫ್ರೆಂಡ್ಲಿ ಗೇಮ್ ಅಲ್ವಾ?’ ಅಂತ ಡೈಲಾಗ್. ಫ್ರೆಂಡ್ಲಿ ಆದರೆ ನನ್ನ ದುಡ್ಡು ವಾಪಸ್ ಕೊಡ್ತೀಯಾ?

500ರ ಬೆಟ್‌ಗೆ ಬಾಯಿ ಬಿಡದೆ 5,000ದ ಒಂದೇ ಚಿಪ್ ಎಸೆದರೆ ಅದು ಬರೀ ಕಾಲ್. ‘ಮನಸ್ಸಲ್ಲಿ ರೇಯ್ಸ್ (ಬೆಟ್ ಏರಿಸೋದು) ಅಂದ್ಕೊಂಡಿದ್ದೆ’ ಅಂತೆ. ಡೀಲರ್ ಏನು ಜ್ಯೋತಿಷಿಯಾ?

ಸರದಿ ಬರುವ ಮೊದಲೇ ಎಲೆ ಎಸೆಯುವವರು ಬೇರೆ. ಸಿಲ್ಕ್ ಬೋರ್ಡ್‌ನಲ್ಲಿ ಕೆಂಪು ದೀಪ ಇದ್ದಾಗಲೇ ಹಾರ್ನ್ ಹೊಡೆಯುವ ಜನ, ಇಲ್ಲಿ ಮಾತ್ರ ಬದಲಾಗುತ್ತಾರಾ? ಎಲೆ ಎಸೆದ ಮೇಲಾದರೂ ಸುಮ್ನಿರುತ್ತಾರಾ? ಇಲ್ಲ. ‘ಅಯ್ಯೋ, ನಾನು ರಾಜನನ್ನ ಎಸೆದೆ’ ಅಂತ ಇಡೀ ಟೇಬಲ್‌ಗೆ ವರದಿ. ಆಟ ಇನ್ನೂ ನಡೀತಿದೆ ಮಾರಾಯ!

ಇನ್ನು ಕೆಲವರು ದೊಡ್ಡ ಪಾಟ್ (ಎಲ್ಲರ ಬೆಟ್ ಸೇರಿದ ರಾಶಿ) ಗೆದ್ದ ತಕ್ಷಣ ‘ಮನೇಲಿ ಕಾಯ್ತಿದ್ದಾರೆ’ ಅಂತ ಚಿಪ್ಸ್ ಬಾಚಿಕೊಂಡು ಹೊರಟೇಬಿಡುತ್ತಾರೆ. ಹೋದ ವಾರ ಸೋಲುತ್ತಾ ಬೆಳಗಿನ ಜಾವದ ತನಕ ಕೂತಿದ್ದಾಗ ಮನೆಯವರೆಲ್ಲ ಊರಿಗೆ ಹೋಗಿದ್ದರಾ?