ಗ್ಯಾಲರಿಗಿಂತ ಮೊದಲು ಕಲಿಕೆಯ ಕೊಳ

ಮಂಗಳೂರಿನ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಈಜುಕೊಳ ಸಿದ್ಧವಾಗಿ, 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಸ್ಪರ್ಧೆಯೂ ಅಲ್ಲಿ ನಡೆದ ಮೇಲೆ, ಉಡುಪಿಯವರಾದ ನಮಗೂ ಅಂಥದ್ದೊಂದು ಬೇಕೆನ್ನಿಸುವುದು ಸಹಜ. ನನಗೂ ಬೇಕು. ಆದರೆ ಇಂಥ ಮಾತೆದ್ದಾಗಲೆಲ್ಲ ಮೊದಲು ಶುರುವಾಗುವುದು ಗ್ಯಾಲರಿಯ ಆಸನಗಳ ಲೆಕ್ಕ. ಸ್ಪರ್ಧೆಯಿಲ್ಲದ ದಿನಗಳಲ್ಲಿ ನೀರಿಗಿಳಿಯುವವರು ಯಾರು ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಬಂದರೆ.

ಸ್ಪರ್ಧೆಯ ಕೊಳವನ್ನು ಅಂದಾಜಿನ ಮೇಲೆ ಕಟ್ಟಲಾಗದು. ಎರಡೂ ತುದಿಗಳಲ್ಲಿ ಕೂರಿಸುವ ಸಮಯಮಾಪನದ ಸ್ಪರ್ಶಫಲಕಗಳು ತಲಾ ಒಂದು ಸೆಂಟಿಮೀಟರ್ ದಪ್ಪವಿರುತ್ತವೆ. ಅದನ್ನು ಮರೆತು ಸರಿಯಾಗಿ 50 ಮೀಟರ್ ಕಟ್ಟಿದರೆ ಈಜಲು ಉಳಿಯುವುದು 49.98 ಮೀಟರ್, ಅಲ್ಲಿನ ದಾಖಲೆಗೆ ಬೆಲೆಯಿಲ್ಲ. ಒಲಿಂಪಿಕ್ ಮಟ್ಟಕ್ಕೆ ಕನಿಷ್ಠ ಎರಡೂವರೆ ಮೀಟರ್ ಆಳ ಬೇಕು, ಮೂರಿದ್ದರೆ ಇನ್ನೂ ಒಳ್ಳೆಯದು. ಆದರೆ ಎಂಟು ವರ್ಷದ ಮಗುವಿಗೆ ಅಲ್ಲಿ ಕಾಲೂರಲು ನೆಲವೇ ಸಿಗದು. ಲಂಡನ್ನಿನವರು ಮೇಲೆ ಕೆಳಗೆ ಸರಿಯುವ ತಳ ಹಾಕಿಸಿದರು. 2012ರ ಒಲಿಂಪಿಕ್ಸ್‌ಗೆ ಒದಗಿಸಿದ್ದ 17,500 ಆಸನಗಳಲ್ಲಿ ಹೆಚ್ಚಿನವನ್ನು ಕಳಚಿ, ಮೂರು ಸಾವಿರಕ್ಕಿಂತ ಕಡಿಮೆ ಉಳಿಸಿಕೊಂಡು, 2014ರಲ್ಲಿ ಕೊಳವನ್ನು ಸಾರ್ವಜನಿಕರಿಗೆ ತೆರೆದರು. ಕಿಟಕಿಯ ಕಬ್ಬಿಣವನ್ನೇ ತಿಂದುಹಾಕುವ ನಮ್ಮ ಉಪ್ಪುಗಾಳಿಯಲ್ಲಿ ಅಂಥ ಯಂತ್ರವನ್ನು ಯಾರು ನೋಡಿಕೊಳ್ಳುತ್ತಾರೆಂಬ ಅನುಮಾನ ನನಗಿದೆ. ಪಕ್ಕದಲ್ಲೇ ಒಂದು ಮೀಟರ್ ಆಳದ ಕಲಿಕೆಯ ಕೊಳ ಕಟ್ಟುವುದು ಮೇಲು.

ಒಣ ತೆಂಗಿನಕಾಯಿಗಳ ಜೋಡಿಯನ್ನು ಸೊಂಟಕ್ಕೆ ಕಟ್ಟಿ, ಈಜು ಕಲಿಸಲು ಮದಗಕ್ಕೆ, ಅಂದರೆ ಊರ ಕೆರೆಗೆ, ಇಳಿಸುತ್ತಿದ್ದ ಹಿರಿಯರು ಈಗಿಲ್ಲ. ಮದಗಗಳೂ ಹೂಳು ತುಂಬಿವೆ. ಕಡಲು ಕೂಗಳತೆಯಲ್ಲಿದ್ದರೂ ಫ್ಲಾಟುಗಳಲ್ಲಿ ಬೆಳೆಯುವ ಮಕ್ಕಳಿಗೆ ಈಜು ಬಾರದು. ಅವರ ತಾಯಂದಿರಿಗಂತೂ ಕಲಿಯುವ ಅವಕಾಶವೇ ಸಿಕ್ಕಿರಲಿಲ್ಲ. ಮಹಿಳಾ ತರಬೇತುದಾರರನ್ನೂ ಅವರಿಗೊಪ್ಪುವ ಸಮಯವನ್ನೂ ಯೋಜನೆಯಲ್ಲೇ ಬರೆದಿಡದಿದ್ದರೆ ಮುಂದೆಯೂ ಸಿಗದು.

ಇನ್ನು ನೀರು. ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿಯ ಮಟ್ಟ ಇಳಿದು ನಲ್ಲಿಗೆ ದಿನ ಎಣಿಸುವ ಊರಿನಲ್ಲಿ 25 ಲಕ್ಷ ಲೀಟರ್‌ಗೂ ಹೆಚ್ಚು ಹಿಡಿಸುವ ಕೊಳವೆಂದರೆ ಜನ ಹುಬ್ಬೇರಿಸುವುದು ನ್ಯಾಯವೇ. ಶೋಧಿಸಿದ ನೀರೇ ಸುತ್ತುತ್ತಿರುವುದರಿಂದ ದಿನವೂ ಹೊಸದಾಗಿ ತುಂಬಬೇಕಿಲ್ಲ. ಆವಿಯಾದದ್ದನ್ನು, ಶೋಧಕ ತೊಳೆಯುವಾಗ ಹೋದದ್ದನ್ನು ಭರ್ತಿ ಮಾಡಿದರೆ ಸಾಕು. ಮಳೆಗಾಲದಲ್ಲೂ ಅಭ್ಯಾಸ ನಡೆಯಬೇಕಾದರೆ ಚಾವಣಿ ಹೇಗೂ ಬೇಕು. ಅದು ಮೂರು ಸಾವಿರ ಚದರ ಮೀಟರ್ ಇದ್ದು, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬಿದ್ದರೆ, ಅದರ ಮೇಲೆ ಬೀಳುವ ನೀರು 1.2 ಕೋಟಿ ಲೀಟರ್. ಗ್ಯಾಲರಿಯ ಸಾಲುಗಳನ್ನು ಎಳೆಯುವ ಮೊದಲು ಆ ನೀರಿನ ಟ್ಯಾಂಕಿಗೆ ನಕ್ಷೆಯಲ್ಲಿ ಜಾಗ ಗುರುತಿಸಲಿ.