ಸೆಡ್ನಾದ ಬಳಿಗೆ ನೌಕೆ ಕಳುಹಿಸಬೇಕೇ?

ಪರ: ಈ ಸಲ ಬಿಟ್ಟರೆ ಇನ್ನಿಲ್ಲ

1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನನಗೆ ಒಂಬತ್ತು ವರ್ಷ. ನಸುಕಿನಲ್ಲಿ ಅಪ್ಪ ಎಬ್ಬಿಸಿದರು. ‘ನಾಳೆ ನೋಡುತ್ತೇನೆ ಅಪ್ಪಾ’ ಎಂದು ಹೊದಿಕೆ ಎಳೆದುಕೊಂಡೆ. ಮರುದಿನ ಮೋಡ, ಅದರ ಮರುದಿನವೂ ಮೋಡ. ಆಕಾಶ ತಿಳಿಯಾಗುವ ಹೊತ್ತಿಗೆ ಬೆಳದಿಂಗಳು ತುಂಬಿತ್ತು. ಆಮೇಲೆ ಧೂಮಕೇತುವೇ ಮಂಕಾಯಿತು. ಅಪ್ಪ ಬೈಯಲಿಲ್ಲ. ‘ಇನ್ನು 2061ಕ್ಕೆ ಬರುತ್ತದೆ. ನೀನು ನೋಡು, ನಾನಂತೂ ಇರುವುದಿಲ್ಲ’ ಎಂದರು. ಅವರು ಹೋಗಿ ಹನ್ನೆರಡು ವರ್ಷವಾಯಿತು. ಆ ಹೊದಿಕೆಯ ಬಿಸುಪು ನೆನಪಾದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ಹ್ಯಾಲಿಯಾದರೂ ಮುಕ್ಕಾಲು ಶತಮಾನಕ್ಕೊಮ್ಮೆ ಮರಳುತ್ತದೆ. ಆದರೆ ಪ್ಲೂಟೊಗಿಂತಲೂ ಆಚೆ ಸುತ್ತುವ ಪುಟ್ಟ ಹಿಮಜಗತ್ತು ಸೆಡ್ನಾ, ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 11,000 ವರ್ಷ ಬೇಕು. ಹಿಂದಿನ ಸಲ ಅದು ಇಷ್ಟು ಹತ್ತಿರ ಬಂದಾಗ ಹಿಮಯುಗ ಆಗಷ್ಟೇ ಮುಗಿದಿತ್ತು, ಮನುಷ್ಯ ಬೇಸಾಯ ಕಲಿಯುತ್ತಿದ್ದ. 2076ರ ಸುಮಾರಿಗೆ ಅದು ಮತ್ತೆ ಸೂರ್ಯನಿಗೆ ಅತಿ ಸಮೀಪ ಬರುತ್ತದೆ. ಸಮೀಪ ಎಂದರೂ ಭೂಮಿ–ಸೂರ್ಯರ ನಡುವಿನ ದೂರದ 76 ಪಟ್ಟು. ಅಲ್ಲಿಂದ ಹೊರಟ ರೇಡಿಯೊ ಸಂದೇಶ ನಮ್ಮನ್ನು ತಲುಪಲು ಹತ್ತೂವರೆ ತಾಸು. ಆಮೇಲೆ ಆ ಹಿಮದುಂಡೆ ಇದರ ಹನ್ನೆರಡು ಪಟ್ಟು ದೂರಕ್ಕೆ ಸರಿಯುತ್ತದೆ. ಆಗ ಬೆನ್ನಟ್ಟುವವರು ಯಾರು?

ಅದು ಸಿಕ್ಕ ಬಗೆಯನ್ನೇ ನೋಡಿ. 2003ರ ನವೆಂಬರ್ 14ರಂದು ಪಲೋಮರ್ ವೀಕ್ಷಣಾಲಯದಲ್ಲಿ ಮೂರು ತಾಸಿನ ಅವಧಿಯಲ್ಲಿ ತೆಗೆದ ಮೂರು ಚಿತ್ರಗಳು. ನಕ್ಷತ್ರಗಳೆಲ್ಲ ಇದ್ದಲ್ಲೇ ಇವೆ. ಒಂದೇ ಒಂದು ಚುಕ್ಕೆ ಕೂದಲೆಳೆಯಷ್ಟು ಜರುಗಿದೆ. ಖಗೋಳ ವಿಜ್ಞಾನಿಗಳಾದ ಮೈಕ್ ಬ್ರೌನ್, ಚಾಡ್ ಟ್ರುಹಿಯೊ, ಡೇವಿಡ್ ರಾಬಿನೋವಿಟ್ಜ್ ಆ ಚುಕ್ಕೆಯ ಜಾಡು ಹಿಡಿದರು. ಸಾವಿರ ಕಿ.ಮೀ. ಆಸುಪಾಸಿನ ವ್ಯಾಸದ, ಕೆಂಪು ಬಣ್ಣದ ಆ ಜಗತ್ತು ಇಂದಿಗೂ ನಮಗೆ ಒಂದು ಚುಕ್ಕೆಯೇ.

ಪ್ಲೂಟೊ ಕೂಡ ಹಾಗೆಯೇ ಇತ್ತು. ಹಬಲ್ ದೂರದರ್ಶಕದಲ್ಲಿ ಅದು ಬರೀ ಮಸುಕು ಕಲೆ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಅದರ ಪಕ್ಕದಲ್ಲೇ ಹಾದುಹೋದಾಗ ಕಂಡದ್ದು ಸಾರಜನಕದ ಹಿಮ ತುಂಬಿದ, ಒಂದು ಕುಳಿಯೂ ಇಲ್ಲದ ಬಯಲು ಮತ್ತು ನೀರ್ಗಲ್ಲಿನ ಬೆಟ್ಟಗಳು. ಸತ್ತ ಕಲ್ಲು ಎಂದುಕೊಂಡಿದ್ದ ನೆಲ ಇನ್ನೂ ಮಿಸುಕಾಡುತ್ತಿತ್ತು. ಭೂಮಿಯಲ್ಲಿ ಕುಳಿತು ಇದನ್ನು ಊಹಿಸಿದವರು ಯಾರಿದ್ದರು?

ಖರ್ಚು ಎನ್ನುವವರು ಯಾವ ಕಾಲದಲ್ಲೂ ಇದ್ದರು. ಅವರ ಮಾತು ಕೇಳಿದ್ದರೆ ನಾವು ಚಂದ್ರನನ್ನೂ ದೂರದಿಂದಲೇ ನೋಡುತ್ತಿದ್ದೆವು. ಗುರುಗ್ರಹದ ಸೆಳೆತದ ನೆರವು ಪಡೆದರೂ ಈ ಪ್ರಯಾಣಕ್ಕೆ ಎರಡು ದಶಕಕ್ಕೂ ಹೆಚ್ಚು ಬೇಕು. ನೌಕೆ ಕಟ್ಟಲು ಇನ್ನೂ ಹತ್ತು ಹದಿನೈದು ವರ್ಷ. ಅದನ್ನು ನಡೆಸಬೇಕಾದ ತಂಡದ ಕೆಲವರು ಈಗ ಶಾಲೆಯಲ್ಲಿದ್ದಾರೆ. ಅವರಿಗೆ ಈಗಲೇ ಹೇಳಬೇಕು. ‘ನಾಳೆ ನೋಡೋಣ’ ಎಂಬ ಮಾತು ನನಗೆ ಬೇಡ.

ವಿರೋಧ: ಮೊದಲು ದೂರದರ್ಶಕ

ಸಂಪಾದಕರು ವಿರೋಧದ ಬದಿ ಬರೆಯಲು ಹೇಳಿದರು, ಒಪ್ಪಿಕೊಂಡೆ. ಸೆಡ್ನಾದ ಚಿತ್ರ ಬಂದರೆ ನಾನೂ ನಿದ್ದೆಗೆಟ್ಟು ನೋಡುತ್ತೇನೆ. ಆದರೂ ಹೇಳಬೇಕಾದ ಒಂದೆರಡು ಮಾತುಗಳಿವೆ.

ಸೆಡ್ನಾದ ದೊಡ್ಡ ಒಗಟು ಅದರ ನೆಲವಲ್ಲ, ಕಕ್ಷೆ. ಅದು ನೆಪ್ಚೂನ್‌ನ ಹತ್ತಿರಕ್ಕೇ ಬರುವುದಿಲ್ಲ. ಹಾಗಾಗಿ ನೆಪ್ಚೂನ್ ಅದನ್ನು ಅಲ್ಲಿಗೆ ಎಸೆದಿದೆ ಎನ್ನಲಾಗದು. ಸೂರ್ಯ ಎಳೆಯನಾಗಿದ್ದಾಗ ಪಕ್ಕದಲ್ಲಿ ಹಾದುಹೋದ ನಕ್ಷತ್ರ ಎಳೆಯಿತೇ, ನಾವಿನ್ನೂ ಕಾಣದ ಗ್ರಹವೊಂದು ಎಳೆಯಿತೇ? ಕ್ಯಾಮೆರಾ ಹೊತ್ತ ನೌಕೆ ಅಲ್ಲಿಗೆ ಹೋದ ಮಾತ್ರಕ್ಕೆ ಇದು ತಿಳಿಯುವುದಿಲ್ಲ. ಇಂಥ ಕಕ್ಷೆಯ ಕಾಯಗಳು ಇನ್ನಷ್ಟು ಸಿಗಬೇಕು. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ಹುಡುಕಬಲ್ಲದ್ದು ಅವುಗಳನ್ನೇ. ನೆಲದ ಮೇಲೇನಿದೆ ಎಂಬುದಕ್ಕೂ ಬಾಹ್ಯಾಕಾಶದಲ್ಲಿರುವ ವೆಬ್ ದೂರದರ್ಶಕ ಅಷ್ಟಿಷ್ಟು ಉತ್ತರ ಕೊಟ್ಟಿದೆ. ಅಲ್ಲಿಂದ ಬರುವ ಬೆಳಕಿನಲ್ಲಿ ಈಥೇನ್‌ನ ಗುರುತು ಸಿಕ್ಕಿದೆ.

2076 ಎಂದು ಅವಸರ ಮಾಡುವುದೂ ಸರಿಯಲ್ಲ. ಸೆಡ್ನಾ ಬಸ್ಸಿನ ಹಾಗೆ ಬಂದು ಹೊರಟುಬಿಡುವುದಿಲ್ಲ. ಆ ವರ್ಷಕ್ಕೆ ಮೂವತ್ತು ವರ್ಷ ಮೊದಲೂ ಮೂವತ್ತು ವರ್ಷ ನಂತರವೂ ಅದರ ದೂರದಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ಐದಕ್ಕಿಂತ ಕಡಿಮೆ.

ನಮ್ಮ ಬಳಿ ಹಣವೂ, ಬಿಸಿಲು ಸಾಲದ ದೂರದಲ್ಲಿ ನೌಕೆಗೆ ವಿದ್ಯುತ್ ಕೊಡುವ ಪ್ಲುಟೋನಿಯಂ ಇಂಧನವೂ ಬೇಕಾದಷ್ಟು ಇದ್ದಿದ್ದರೆ ಈ ವಾದವೇ ಬೇಕಿರಲಿಲ್ಲ. ಯುರೇನಸ್ಸಿಗೆ ಇದುವರೆಗೆ ಹೋದದ್ದು ವಾಯೇಜರ್ 2 ಒಂದೇ, ಅದೂ ಹ್ಯಾಲಿ ಬಂದ ಅದೇ 1986ರಲ್ಲಿ. ಆಗ ಯುರೇನಸ್ಸಿನ ಚಂದ್ರಗಳ ದಕ್ಷಿಣ ಭಾಗಕ್ಕೆ ಮಾತ್ರ ಬಿಸಿಲಿತ್ತು. ಉತ್ತರದ ಬಹುಪಾಲು ಕತ್ತಲಲ್ಲಿತ್ತು. ಆ ಚಂದ್ರಗಳಲ್ಲೊಂದಾದ ಮಿರಾಂಡಾದ ಆ ಬದಿಯಲ್ಲಿ ಏನಿದೆಯೋ ಯಾರೂ ನೋಡಿಲ್ಲ. ಒಂದೇ ನೌಕೆಗೆ ಹಣ ಇರುವುದಾದರೆ, ನನ್ನ ಮತ ಅಲ್ಲಿಗೆ.